ಯಾರ ಪಟ್ಟಿಯಲ್ಲೂ ಇಲ್ಲದವನು ಗೆದ್ದಾಗ

ಸೈಕಲ್ ರೇಸ್ ಅಂದರೆ ಏನು ಅಂತ ವಿಜಯಪುರ, ಬಾಗಲಕೋಟೆ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಎರಡು ಮಾತು. ಫ್ರಾನ್ಸಿನ ‘ಟೂರ್ ದ ಫ್ರಾನ್ಸ್’ ಒಂದು ದಿನದ ಆಟವಲ್ಲ. ಈಗ ಅದು ಮೂರು ವಾರ, 21 ಹಂತ, 3,000 ಕಿ.ಮೀ.ಗೂ ಮೀರಿದ ದಾರಿ. ಒಂದೊಂದು ಹಂತಕ್ಕೆ ಒಬ್ಬೊಬ್ಬ ಗೆಲ್ಲುತ್ತಾನೆ. ಆದರೆ ಎಲ್ಲ ಹಂತಗಳ ಸಮಯ ಕೂಡಿಸಿದಾಗ ಯಾರದು ಕಡಿಮೆಯೋ ಅವನೇ ಇಡೀ ರೇಸಿನ ವಿಜೇತ. ಅಲ್ಲಿಯವರೆಗೆ ಲೆಕ್ಕದಲ್ಲಿ ಮುಂದಿರುವವನ ಮೈಮೇಲೆ ಹಳದಿ ಅಂಗಿ.

ಹಾಗಾಗಿ ಒಂದೂ ಹಂತ ಗೆಲ್ಲದೆಯೇ ಇಡೀ ರೇಸ್ ಗೆಲ್ಲಬಹುದು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈ ರೇಸ್ ಹುಟ್ಟಿದ್ದೇ ಪತ್ರಿಕೆ ಮಾರುವುದಕ್ಕೆ. 1903ರಲ್ಲಿ ‘ಲೋತೊ’ ಎಂಬ ಕ್ರೀಡಾಪತ್ರಿಕೆ ತನ್ನ ಪ್ರಸಾರ ಹೆಚ್ಚಿಸಿಕೊಳ್ಳಲು ಇದನ್ನು ಶುರು ಮಾಡಿತು. ಯಾರು ಗೆಲ್ಲುತ್ತಾರೆ ಅನ್ನುವ ಕುತೂಹಲವೇ ಸರಕು. ಅಂದು ಜನ ನೆಚ್ಚಿಕೊಂಡಿದ್ದ ಇಬ್ಬರಲ್ಲಿ ಒಬ್ಬ ಮೊರಿಸ್ ಗಾರಾಂ. ಚಿಕ್ಕಂದಿನಲ್ಲಿ ಚಿಮಣಿ ಗುಡಿಸುತ್ತಿದ್ದವನು. ಇನ್ನೊಬ್ಬ ಇಪ್ಪೊಲಿತ್ ಓಕುತುರಿಯೇ. ಓಕುತುರಿಯೇಗೆ ಮೊದಲ ಹಂತದಲ್ಲೇ ಹೊಟ್ಟೆ ಕೆಟ್ಟಿತು, ಹಿಂದೆ ಸರಿದ. ಆಗಿನ ನಿಯಮದ ಪ್ರಕಾರ ಒಟ್ಟು ಲೆಕ್ಕದಿಂದ ಹೊರಗಿದ್ದರೂ ಹಂತಗಳಲ್ಲಿ ಓಡಬಹುದಿತ್ತು. ಮುಂದಿನ ಎರಡೂ ಹಂತ ಅವನೇ ಗೆದ್ದ. ಅಂದರೆ ಅವನ ಕಾಲಿನ ಬಗ್ಗೆ ಜನರ ಊಹೆ ಸರಿಯಿತ್ತು, ಹೊಟ್ಟೆಯನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಗಾರಾಂ ಹತ್ತಿರ ಹತ್ತಿರ ಮೂರು ಗಂಟೆಗಳ ಅಂತರದಲ್ಲಿ ಗೆದ್ದ.

ಕಾಲು, ಹೊಟ್ಟೆ ಎರಡೂ ಸರಿಯಿದ್ದರೂ ಕಬ್ಬಿಣ ಕೈಕೊಡಬಹುದು. 1913ರಲ್ಲಿ ಗೆಲ್ಲುವವರ ಸಾಲಿನಲ್ಲಿದ್ದ ಯುಜೀನ್ ಕ್ರಿಸ್ತೋಫ್ ಪಿರೆನೀಸ್ ಪರ್ವತದ ತುರ್ಮಾಲೆ ಘಟ್ಟ ಇಳಿಯುವಾಗ ಸೈಕಲ್ಲಿನ ಫೋರ್ಕ್ ಮುರಿಯಿತು. ಬೇರೆಯವರ ಸಹಾಯ ಪಡೆಯುವಂತಿಲ್ಲ, ಇನ್ನೊಂದು ಸೈಕಲ್ ಏರುವಂತಿಲ್ಲ. ಸೈಕಲ್ ಹೊತ್ತು ಹತ್ತು ಕಿ.ಮೀ.ಗೂ ಹೆಚ್ಚು ನಡೆದು ಸಾಂತ್ ಮರಿ ದ ಕಾಂಪಾಂ ಎಂಬ ಹಳ್ಳಿ ಮುಟ್ಟಿದ. ಕಮ್ಮಾರನ ಕುಲುಮೆಯಲ್ಲಿ ತಾನೇ ಕಬ್ಬಿಣ ಕಾಯಿಸಿ, ಬಡಿದು, ಫೋರ್ಕ್ ಕೂಡಿಸಿದ. ಅಧಿಕಾರಿಗಳು ನಿಂತು ನೋಡುತ್ತಿದ್ದರು. ಕೈ ಎರಡೂ ಕೆಲಸದಲ್ಲಿದ್ದುದರಿಂದ ತಿದಿ ಒತ್ತಿದ್ದು ಒಬ್ಬ ಹುಡುಗ. ಅದಕ್ಕೂ ದಂಡ ಬಿತ್ತು! ಆ ವರ್ಷ ಗೆದ್ದವನು ಬೆಲ್ಜಿಯಂನ ಫಿಲಿಪ್ ತೀಸ್.

1919ರಲ್ಲಿ ಹಳದಿ ಅಂಗಿ ಮೊದಲ ಬಾರಿಗೆ ಬಂದಾಗ ತೊಟ್ಟವನೂ ಕ್ರಿಸ್ತೋಫನೇ. ಇನ್ನೆರಡು ಹಂತ ಬಾಕಿ, 28 ನಿಮಿಷಗಳ ಮುನ್ನಡೆ. ಯಾವ ಪಂಡಿತನಾದರೂ ಅವನ ಹೆಸರನ್ನೇ ಹೇಳುತ್ತಿದ್ದ. ವಾಲೆನ್ಸಿಯೆನ್ ಹತ್ತಿರ ಫೋರ್ಕ್ ಮತ್ತೆ ಮುರಿಯಿತು. ಗೆದ್ದವನು ಫರ್ಮಾಂ ಲಾಂಬೊ. ಕ್ರಿಸ್ತೋಫ್ ಈ ರೇಸನ್ನು ಕೊನೆಯವರೆಗೂ ಗೆಲ್ಲಲೇ ಇಲ್ಲ.

ಇವರೆಲ್ಲ ಊಹೆಯಲ್ಲಿದ್ದು ಸೋತವರು. ನನ್ನನ್ನು ಹೆಚ್ಚು ಕಾಡುವುದು ಊಹೆಯಲ್ಲೇ ಇಲ್ಲದೆ ಗೆದ್ದ ರೋಜೆ ವಾಲ್ಕೊವಿಯಾಕ್.

1956. ಹಿಂದಿನ ಮೂರು ವರ್ಷ ಸತತ ಗೆದ್ದಿದ್ದ ಲೂಯಿಸೋಂ ಬೊಬೆ ಆ ಸಲ ಇರಲಿಲ್ಲ. ಘಟ್ಟ ಹತ್ತುವುದರಲ್ಲಿ ಹೆಸರಾದ ಲಕ್ಸೆಂಬರ್ಗಿನ ಶಾರ್ಲಿ ಗಾಲ್ ಇದ್ದ. ಅದೇ ವರ್ಷ ಇಟಲಿಯ ದೊಡ್ಡ ರೇಸ್ ಗೆದ್ದು ಬಂದಿದ್ದ. ವಾಲ್ಕೊವಿಯಾಕ್ ಮೋಂಲುಸೋಂ ಊರಿನವನು, ಪೋಲೆಂಡ್ ಮೂಲದ ಮನೆತನ, 29 ವರ್ಷ. ಓಡುತ್ತಿದ್ದದ್ದು ರಾಷ್ಟ್ರೀಯ ತಂಡಕ್ಕಲ್ಲ, ಒಂದು ಪ್ರಾದೇಶಿಕ ತಂಡಕ್ಕೆ.

ಏಳನೇ ಹಂತ, ಆಂಜೆ ಊರಿಗೆ ಹೋಗುವ ದಾರಿ. 31 ಜನ ಗುಂಪು ಬಿಟ್ಟು ಮುಂದೆ ಹೋದರು. ದೊಡ್ಡ ಹೆಸರಿನವರು ಒಬ್ಬರ ಮುಖ ಒಬ್ಬರು ನೋಡುತ್ತ ಹಿಂದೆ ಉಳಿದರು. ಗುಂಪಿನ ಮುಂದೆ ಗಾಳಿ ಸೀಳುವವನಿಗೆ ಶ್ರಮ ಜಾಸ್ತಿ, ಹಿಂದೆ ಅಡಗಿದವನಿಗೆ ಕಡಿಮೆ. ಹೀಗಾಗಿ ಬೆನ್ನಟ್ಟುವ ಕೆಲಸ ಯಾರಿಗೂ ಬೇಡ. ‘ಇವರೆಲ್ಲ ಪುಡಿ ಆಸಾಮಿಗಳು, ಘಟ್ಟ ಬಂದಾಗ ಉದುರುತ್ತಾರೆ’ ಅನ್ನುವ ಧೈರ್ಯ ಬೇರೆ. ಸಂಜೆಗೆ ಅಂತರ 18 ನಿಮಿಷ ದಾಟಿತ್ತು, ಹಳದಿ ಅಂಗಿ ವಾಲ್ಕೊವಿಯಾಕನದಾಗಿತ್ತು.

ಕೆಲವೇ ದಿನಗಳಲ್ಲಿ ಆ ಅಂಗಿ ಬೇರೆಯವರ ಪಾಲಾಯಿತು. ಅದನ್ನು ಕಾಯುವಷ್ಟು ಬಲ ಅವನ ಚಿಕ್ಕ ತಂಡಕ್ಕೆ ಇರಲಿಲ್ಲ. ಎಲ್ಲರೂ ಅವನನ್ನು ಮರೆತರು. ಆಲ್ಪ್ಸ್ ಪರ್ವತ ಬಂತು. ಗ್ರೆನೋಬ್ಲ್ ಹಂತವನ್ನು ಗಾಲ್ ಗೆದ್ದ, ನಿರೀಕ್ಷೆಯಂತೆ. ಆದರೆ ಉದುರಬೇಕಿದ್ದ ವಾಲ್ಕೊವಿಯಾಕ್ ಉದುರಲಿಲ್ಲ. ಮುಂಚೂಣಿಯವರ ಜೊತೆಗೇ ಘಟ್ಟ ದಾಟಿ ಬಂದು ಅಂಗಿ ಮರಳಿ ಪಡೆದ. ಪ್ಯಾರಿಸ್ ಮುಟ್ಟಿದಾಗ ಎರಡನೆಯವನಾದ ಗಿಲ್ಬರ್ ಬೊವಾಂಗಿಂತ 1 ನಿಮಿಷ 25 ಸೆಕೆಂಡ್ ಮುಂದೆ. ಒಂದೂ ಹಂತ ಗೆದ್ದಿರಲಿಲ್ಲ.

ಅವನಿಗೆ ಸಿಕ್ಕಿದ್ದು ಸಪ್ಪೆ ಚಪ್ಪಾಳೆ. ಅದೃಷ್ಟಕ್ಕೆ ಸಿಕ್ಕ ಗೆಲುವು, ಆಂಜೆಯಲ್ಲಿ ಬಿಟ್ಟುಕೊಟ್ಟಿದ್ದು ಅಂತ ಜನ ಅಂದರು. ಅವನ ಹೆಸರೇ ಫ್ರೆಂಚಿನಲ್ಲಿ ಒಂದು ನುಡಿಗಟ್ಟಾಯಿತು: ‘ವಾಲ್ಕೊ ರೀತಿ ಗೆಲ್ಲುವುದು’ ಅಂದರೆ ಯೋಗ್ಯತೆ ಇಲ್ಲದೆ ಗೆಲ್ಲುವುದು.

ಇಲ್ಲೇ ನನಗೆ ಸಿಟ್ಟು ಬರುವುದು. ಆ ವರ್ಷದ ಸರಾಸರಿ ವೇಗ ಗಂಟೆಗೆ 36 ಕಿ.ಮೀ. ದಾಟಿತ್ತು, ಅಲ್ಲಿಯವರೆಗಿನ ಟೂರ್‌ಗಳಲ್ಲೆಲ್ಲ ಅದೇ ಹೆಚ್ಚು. ಅಂಥ ರೇಸಿನಲ್ಲಿ ಸುಮಾರು 4,500 ಕಿ.ಮೀ. ಓಡಿ ಗೆದ್ದವನನ್ನು ಪುಕ್ಕಟೆ ಗೆದ್ದ ಅನ್ನುವುದು ಹೇಗೆ? ಆಂಜೆ ದಾರಿಯಲ್ಲಿ ಮುಂದೆ ಹೋದವರು 31 ಜನ. ಉಳಿದ 30 ಜನ ಯಾಕೆ ಗೆಲ್ಲಲಿಲ್ಲ? ತಪ್ಪಿದ್ದು ಊಹೆ ಮಾಡಿದವರ ಲೆಕ್ಕ, ಬೈಸಿಕೊಂಡಿದ್ದು ಗೆದ್ದವನು. ನಾವೂ ಪತ್ರಿಕೋದ್ಯಮ ಓದಿ ಬಂದವರೇ, ಈ ಚಾಳಿ ನಮಗೆ ಹೊಸದಲ್ಲ.

1989ರಲ್ಲಿ ಅಮೆರಿಕದ ಗ್ರೆಗ್ ಲೆಮಾಂಡ್ ಕೊನೆಯ ದಿನ 24.5 ಕಿ.ಮೀ. ಓಟದಲ್ಲಿ 50 ಸೆಕೆಂಡ್ ಹಿನ್ನಡೆ ಅಳಿಸಿ, ಲೊರಾಂ ಫಿನ್ಯೋನನ್ನು ಬರೀ 8 ಸೆಕೆಂಡ್‌ಗಳಿಂದ ಸೋಲಿಸಿದ. ಅದನ್ನು ಯಾರೂ ಅದೃಷ್ಟ ಅನ್ನಲಿಲ್ಲ. ಲೆಮಾಂಡ್ ಮೊದಲೇ ಒಮ್ಮೆ ಗೆದ್ದು ಹೆಸರು ಮಾಡಿದ್ದ ನೋಡಿ.

ವಾಲ್ಕೊವಿಯಾಕ್ ಸೈಕಲ್ ಬಿಟ್ಟ ಮೇಲೆ ಸ್ವಲ್ಪ ಕಾಲ ಬಾರ್ ನಡೆಸಿದ, ಆಮೇಲೆ ಕಾರ್ಖಾನೆಯಲ್ಲಿ ಲೇತ್ ಕೆಲಸಕ್ಕೆ ಮರಳಿದ. ಆ ಗೆಲುವಿನ ಬಗ್ಗೆ ಬಹಳ ವರ್ಷ ಹೆಚ್ಚು ಮಾತಾಡುತ್ತಿರಲಿಲ್ಲ. 2017ರ ಫೆಬ್ರವರಿಯಲ್ಲಿ, 89ನೇ ವಯಸ್ಸಿನಲ್ಲಿ ತೀರಿಕೊಂಡಾಗ, ಟೂರ್ ಗೆದ್ದು ಬದುಕಿದ್ದವರಲ್ಲಿ ಅವನೇ ಹಿರಿಯ.