ಬೀರುವಿನಲ್ಲೇ ಇದ್ದ ಪುಸ್ತಕ ಸಿಗಲಿಲ್ಲ, ಯಾಕೆ?

ಇವತ್ತಿನ ಇತಿಹಾಸದ ಕಥೆಯಲ್ಲಿ ರಾಜರು ಕಡಿಮೆ, ಬೀರುಗಳು ಜಾಸ್ತಿ.

ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲ್ ಕಡೆ ಒಂದು ಶಾಲೆಗೆ ಹೋಗಿದ್ದೆ. ಶಾಲೆಯ ಹೆಸರು ಬೇಡ. ನಾನು ಹೋಗಿದ್ದು ಕಾವಲಿನ ಬಗ್ಗೆ ರೆಕಾರ್ಡಿಂಗ್ ಮಾಡೋಕೆ. ಅಲ್ಲಿ ಮೇಷ್ಟ್ರಾಗಿರೋ ಗೆಳೆಯ, "ಬಂದಿದ್ದೀಯಲ್ಲ, ಒಂದು ಪೀರಿಯಡ್ ಮಕ್ಕಳ ಜೊತೆ ಮಾತಾಡು" ಅಂದ. ಲೈಬ್ರರಿ ಪೀರಿಯಡ್ ಅದು. ಎಂಟನೇ ಕ್ಲಾಸಿನ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಸಾರ್, ಅಮೃತ್ ಮಹಲ್ ದನದ ಬಗ್ಗೆ ಬುಕ್ ಐತಾ?"

ಬೀರುವಿನ ಬೀಗದ ಕೈ ಬಂತು. ರಿಜಿಸ್ಟರ್ ಬಂತು. ಪುಸ್ತಕಗಳ ಪಟ್ಟಿ ನೀಟಾಗಿಯೇ ಇತ್ತು, ಕೆಂಪು ಇಂಕಿನಲ್ಲಿ ಗೆರೆ ಹೊಡೆದು, ಕ್ರಮಸಂಖ್ಯೆ ಹಾಕಿ. ಆದರೆ ಯಾವ ಕ್ರಮ? ಪುಸ್ತಕ ಶಾಲೆಗೆ ಬಂದ ದಿನದ ಕ್ರಮ. ಗಾಂಧೀಜಿ ಜೀವನಚರಿತ್ರೆ ಆದ ಮೇಲೆ ಗಣಿತದ ಆಟಗಳು, ಅದಾದ ಮೇಲೆ ಏಡ್ಸ್ ಜಾಗೃತಿ, ಅದಾದ ಮೇಲೆ ಪಂಚತಂತ್ರ. ಮೂರು ಜನ ಹುಡುಕಿದೆವು. ಪೀರಿಯಡ್ ಮುಗಿದು ಗಂಟೆ ಹೊಡೀತು. "ಇಲ್ಲಮ್ಮ" ಅಂದುಬಿಟ್ಟೆವು.

ಇತ್ತು. ಮಧ್ಯಾಹ್ನ ಬಿಸಿಯೂಟ ಆದ ಮೇಲೆ ಕೆಳಗಿನ ಅರೆಯಲ್ಲಿ, ದಾರ ಕಟ್ಟಿಟ್ಟ ಕಟ್ಟಿನೊಳಗೆ ಸಿಕ್ತು. ದೇಸಿ ದನದ ತಳಿಗಳ ಬಗ್ಗೆ ತೆಳ್ಳನೆ ಪುಸ್ತಕ. ರಿಜಿಸ್ಟರಲ್ಲಿ ಅದರ ಮುಂದೆ ಬರೆದಿದ್ದು ಇಷ್ಟೇ: "ಪಶು, 1 ಪ್ರತಿ."

ಆ ಶಾಲೆಯಲ್ಲಿ ಪುಸ್ತಕದ ಕೊರತೆ ಇರಲಿಲ್ಲ ಅನ್ನೋದು ಗಮನಿಸಿ. ಹುಡುಕೋ ದಾರಿಯ ಕೊರತೆ ಇತ್ತು. ರಿಜಿಸ್ಟರ್ ಅನ್ನೋದು ಲೆಕ್ಕಪತ್ರ. ಆಡಿಟ್‌ಗೆ ಬಂದವರಿಗೆ "ಇಷ್ಟು ಇದೆ, ಒಂದೂ ಕಳೆದಿಲ್ಲ" ಅಂತ ತೋರಿಸೋಕೆ ಇರೋದು. ಕ್ಯಾಟಲಾಗ್ ಬೇರೆ. ಅದು ಓದುವವರಿಗೆ "ನಿನಗೆ ಬೇಕಾದ್ದು ಇಲ್ಲಿದೆ" ಅಂತ ಹೇಳೋಕೆ ಇರೋದು. ನಮ್ಮ ಎಷ್ಟೋ ಶಾಲೆಗಳಲ್ಲಿ ಮೊದಲನೆಯದು ಇದೆ, ಎರಡನೆಯದು ಇಲ್ಲ. ಈ ಎರಡರ ನಡುವಿನ ಜಗಳ ನೂರೈವತ್ತು ವರ್ಷದ್ದು.

1876ರಲ್ಲಿ ಅಮೆರಿಕದ ಆಮ್ಹರ್ಸ್ಟ್ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡ್ತಿದ್ದ ಮೆಲ್ವಿಲ್ ಡ್ಯೂಯಿ ಅನ್ನೋ ಇಪ್ಪತ್ನಾಲ್ಕರ ಯುವಕ 44 ಪುಟಗಳ ಸಣ್ಣ ಪುಸ್ತಿಕೆ ಪ್ರಕಟಿಸಿದ. ಜ್ಞಾನವನ್ನೆಲ್ಲ ಹತ್ತು ಭಾಗ ಮಾಡಿ, ಹತ್ತನ್ನು ಮತ್ತೆ ಹತ್ತು, ಅದನ್ನು ಮತ್ತೆ ಹತ್ತು. ಒಟ್ಟು ಸಾವಿರ ಖಾನೆ. ಇವತ್ತಿಗೂ ಕಾಲೇಜು ಲೈಬ್ರರಿಯ ಪುಸ್ತಕದ ಬೆನ್ನ ಮೇಲೆ ಅಂಟಿಸಿರೋ ಆ ನಂಬರ್ ಬಹುತೇಕ ಇವನ ಪದ್ಧತಿಯದೇ.

ಒಂದು ಸಲ ಆ ನಂಬರ್ ಓದಿ ನೋಡಿ. ಇಂಗ್ಲಿಷ್ ಸಾಹಿತ್ಯ 820. ಅಮೆರಿಕನ್ ಸಾಹಿತ್ಯ 810. ಜರ್ಮನ್ 830, ಫ್ರೆಂಚ್ 840. ನಮ್ಮ ಕನ್ನಡ? 894.814. 890 ಅಂದರೆ 'ಇತರೆ ಸಾಹಿತ್ಯಗಳು'. ಆ ಇತರೆಯೊಳಗೆ ಒಂದು ಮೂಲೆ, ಆ ಮೂಲೆಯೊಳಗೆ ಇನ್ನೊಂದು ಮೂಲೆ. ಸಾವಿರ ವರ್ಷಕ್ಕೂ ಹಳೆಯ ಸಾಹಿತ್ಯಕ್ಕೆ ಚುಕ್ಕಿ ಆದ ಮೇಲೆ ಮೂರು ಅಂಕಿ. ಡ್ಯೂಯಿಗೆ ನಮ್ಮ ಮೇಲೆ ದ್ವೇಷ ಇತ್ತು ಅಂತಲ್ಲ. ತನ್ನ ಕಾಲೇಜಿನ ಕಪಾಟಿನಲ್ಲಿ ಏನಿತ್ತೋ ಅದಕ್ಕೆ ತಕ್ಕ ಹಾಗೆ ಮನೆ ಕಟ್ಟಿದ, ನಾವು ಆಮೇಲೆ ಬಾಡಿಗೆಗೆ ಹೋದೆವು.

ಈ ಮನೆ ಸಾಲದು ಅಂದವರು ಒಬ್ಬ ಗಣಿತದ ಮೇಷ್ಟ್ರು. ಎಸ್.ಆರ್. ರಂಗನಾಥನ್. ಹುಟ್ಟಿದ್ದು 1892ರಲ್ಲಿ, ತಮಿಳುನಾಡಿನ ಶಿಯಾಳಿಯಲ್ಲಿ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ ಮಾಡ್ತಿದ್ದರು. 1924ರ ಜನವರಿಯಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೆಲವೇ ದಿನದಲ್ಲಿ ಬೇಜಾರು ಹಿಡೀತು, "ನನ್ನ ಹಳೇ ಕೆಲಸ ವಾಪಸ್ ಕೊಡಿ" ಅಂತ ಕಾಲೇಜಿಗೆ ಹೋದರಂತೆ. "ಮೊದಲು ಲಂಡನ್‌ಗೆ ಹೋಗಿ ಕಲಿತು ಬನ್ನಿ, ಆಮೇಲೂ ಬೇಡ ಅನ್ನಿಸಿದರೆ ನೋಡೋಣ" ಅಂದರು. ಹೋದರು.

ಲಂಡನ್ನಿನ ಸೆಲ್ಫ್ರಿಡ್ಜಸ್ ಅಂಗಡಿಯಲ್ಲಿ ಮೆಕ್ಯಾನೋ ಅನ್ನೋ ಆಟಿಕೆ ಕಣ್ಣಿಗೆ ಬಿತ್ತು. ತೂತಿರೋ ಪಟ್ಟಿಗಳು, ನಟ್ಟು, ಬೋಲ್ಟು. ಅವೇ ತುಂಡು ಜೋಡಿಸಿ ಒಮ್ಮೆ ಕ್ರೇನ್, ಇನ್ನೊಮ್ಮೆ ಸೇತುವೆ. ಪುಸ್ತಕದ ವಿಷಯವನ್ನೂ ಹೀಗೇ ಜೋಡಿಸಬಹುದಲ್ಲ ಅನ್ನಿಸ್ತು. ಮೊದಲೇ ಖಾನೆ ಮಾಡಿಟ್ಟು ಪುಸ್ತಕವನ್ನು ಅದರೊಳಗೆ ತುರುಕೋ ಬದಲು ವಿಷಯವನ್ನು ತುಂಡು ತುಂಡಾಗಿ ಕೇಳೋದು: ಯಾವುದರ ಬಗ್ಗೆ? ಅದರಲ್ಲಿ ಏನು? ಎಲ್ಲಿಯದು? ಯಾವ ಕಾಲದ್ದು? ಆ ಹುಡುಗಿಯ ಪ್ರಶ್ನೆಯನ್ನೇ ತಗೊಳ್ಳಿ. ದನ, ಸಾಕಣೆ, ಚಳ್ಳಕೆರೆ, ಹತ್ತೊಂಬತ್ತನೇ ಶತಮಾನ. ನಾಲ್ಕು ತುಂಡು, ನಡುವೆ ಚಿಹ್ನೆಗಳು. ಮೊದಲು ಬಳಸಿದ ಚಿಹ್ನೆ ಕೋಲನ್, ಅಂದರೆ ಒಂದರ ಮೇಲೊಂದು ಎರಡು ಚುಕ್ಕಿ. ಅದರಿಂದಲೇ 'ಕೋಲನ್ ವರ್ಗೀಕರಣ' ಅನ್ನೋ ಹೆಸರು. ಪುಸ್ತಕವಾಗಿ ಬಂದದ್ದು 1933ರಲ್ಲಿ. ಇವತ್ತು ಶಾಪಿಂಗ್ ಆಪ್‌ನಲ್ಲಿ ಬಣ್ಣ, ಅಳತೆ, ಬೆಲೆ ಅಂತ ಫಿಲ್ಟರ್ ಒತ್ತುತ್ತೀರಲ್ಲ, ಆ ಯೋಚನೆ ಇದೇ ಜಾತಿಯದು.

ಅದಕ್ಕಿಂತ ಎರಡು ವರ್ಷ ಮೊದಲು, 1931ರಲ್ಲಿ, ಅವರ 'ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳು' ಬಂತು. ಪುಸ್ತಕ ಇರೋದು ಬಳಸೋಕೆ. ಪ್ರತಿ ಓದುಗನಿಗೂ ಅವನ ಪುಸ್ತಕ. ಪ್ರತಿ ಪುಸ್ತಕಕ್ಕೂ ಅದರ ಓದುಗ. ಓದುಗನ ಸಮಯ ಉಳಿಸು. ಗ್ರಂಥಾಲಯ ಬೆಳೆಯುವ ಜೀವಿ. ಮೊದಲನೆಯದನ್ನು ಕೇಳಿದರೆ 'ಇದೇನು ಮಹಾ' ಅನ್ನಿಸುತ್ತೆ. ಆದರೆ ಅವರು ಅದನ್ನು ವಿವರಿಸೋಕೆ ಶುರು ಮಾಡೋದು ಯುರೋಪಿನ ಹಳೇ ಲೈಬ್ರರಿಗಳಲ್ಲಿ ಪುಸ್ತಕಗಳನ್ನು ಕಬ್ಬಿಣದ ಸರಪಳಿಯಿಂದ ಕಪಾಟಿಗೆ ಬಿಗಿದಿಡ್ತಿದ್ದ ಕಾಲದಿಂದ. ಸರಪಳಿ ಹೋಗಿದೆ, ಗೋದ್ರೆಜ್ ಬೀರು ಬಂದಿದೆ. ಮೇಷ್ಟ್ರನ್ನು ಬೈಯೋದು ಸುಲಭ. ಆದರೆ ಪುಸ್ತಕ ಕಳೆದರೆ ಉತ್ತರ ಕೊಡಬೇಕಾದವರು ಅವರೇ ಅಂತಾದರೆ ಯಾರು ಬೀಗ ತೆಗೀತಾರೆ ಹೇಳಿ.

ಅದೇ 1931ರ ಅಕ್ಟೋಬರಿನಲ್ಲಿ ತಂಜಾವೂರು ಜಿಲ್ಲೆಯ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿ ಲೈಬ್ರರಿ ಹೊರಟಿತು. ಗಾಡಿಯ ಮೇಲೆ ಪುಸ್ತಕ, ಊರಿಂದ ಊರಿಗೆ. ಇದನ್ನು ಹೇಳಿದಾಗ ಕ್ಲಾಸು ಚುರುಕಾಯ್ತು. "ಯಾವ ಎತ್ತು ಸಾರ್? ನಮ್ಮವಾ?" ಅಂತ ಒಬ್ಬ. ತಂಜಾವೂರಲ್ಲಿ ಯಾವ ಎತ್ತು ಕಟ್ಟಿದ್ದರೋ, ಆದರೆ ಆ ಪ್ರಶ್ನೆ ಬಂದದ್ದು ಸರಿಯಾದ ಜಾಗದಿಂದ.

ಯಾಕಂದ್ರೆ ಕಾವಲ್ ಅಂದರೇನೇ ದನಕ್ಕೆ ಮೀಸಲಿಟ್ಟ ಹುಲ್ಲುಗಾವಲು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಗೆ ಟಿಪ್ಪು ಅಮೃತ್ ಮಹಲ್ ಅಂತ ಹೆಸರಿಟ್ಟ. ಫಿರಂಗಿ ಎಳೆಯೋ ಎತ್ತುಗಳು ಇಲ್ಲಿಂದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರ ಕೈಗೆ ಹೋಯ್ತು. 1860ರಲ್ಲಿ ಖರ್ಚು ಉಳಿಸ್ತೀವಿ ಅಂತ ಹಿಂಡುಗಳನ್ನು ಮಾರಿಬಿಟ್ಟರು, ತಪ್ಪು ಗೊತ್ತಾಗಿ 1866ರಲ್ಲಿ ಮತ್ತೆ ಶುರು ಮಾಡಿದರು. ಕಾವಲುಗಳಿಗೂ ವರ್ಗೀಕರಣ ಇತ್ತು: ಬೇಸಿಗೆಯವು, ಮಳೆಗಾಲದವು, ಚಳಿಗಾಲದವು. ಯಾವ ಹಿಂಡು ಯಾವ ತಿಂಗಳು ಎಲ್ಲಿ ಅನ್ನೋದಕ್ಕೆ ವ್ಯವಸ್ಥೆ.

ಹಿಂದಿನ ಬೆಂಚಿನ ಹುಡುಗ ಹೇಳಿದ: "ನಮ್ಮಜ್ಜ ಕಿಲಾರಿ ಸಾರ್. ದೇವರ ಎತ್ತು ನೋಡ್ಕಳ್ತಿದ್ದ. ಸಾಯಂಕಾಲ ರೊಪ್ಪದಾಗೆ ಸುಮ್ನೆ ಕಣ್ಣಾಡಿಸಿದ್ರೆ ಸಾಕು, ಯಾವುದು ಬಂದಿಲ್ಲ ಅಂತ ಹೇಳ್ಬಿಡ್ತಿದ್ದ. ಬುಕ್ಕಿಗೆ ಅಂಥವ್ರು ಬೇಕು." ಬೇಕು, ನಿಜ. ಆದರೆ ಅಜ್ಜ ಹೋದ ಮೇಲೆ? ಆ ಲೆಕ್ಕವೂ ಅಜ್ಜನ ಜೊತೆ ಹೋಯ್ತು ಅಂತ ಅವನೇ ಹೇಳಿದ. ಎಷ್ಟೋ ಶಾಲೆಗಳ ಲೈಬ್ರರಿಯೂ ಹೀಗೇ. ಪುಸ್ತಕ ಎಲ್ಲಿದೆ ಅಂತ ಗೊತ್ತಿದ್ದ ಒಬ್ಬ ಮೇಷ್ಟ್ರಿಗೆ ವರ್ಗ ಆದರೆ ಮುಗೀತು.

ರಂಗನಾಥನ್ ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಲ್ಲೇ. 1962ರಲ್ಲಿ ಇಲ್ಲಿ ಡಿಆರ್‌ಟಿಸಿ ಅನ್ನೋ ತರಬೇತಿ ಕೇಂದ್ರ ಶುರು ಮಾಡಿದರು. 1972ರ ಸೆಪ್ಟೆಂಬರಿನಲ್ಲಿ ಇಲ್ಲೇ ತೀರಿಕೊಂಡರು. ಅವರು ಇಲ್ಲಿರುವಾಗಲೇ 1965ರ ಮೈಸೂರು ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು. ನೀವು ಕಟ್ಟೋ ಆಸ್ತಿ ತೆರಿಗೆಯ ಮೇಲೆ ಶೇಕಡಾ 6 ಗ್ರಂಥಾಲಯ ಕರ ಇರೋದು ಆ ಕಾಯ್ದೆಯಿಂದ. ಜಿಲ್ಲೆಗೆ, ನಗರಕ್ಕೆ ಲೈಬ್ರರಿ ಬಂತು. ಶಾಲೆಯ ಬೀರು ಮಾತ್ರ ಅದರ ಹೊರಗೇ ಉಳೀತು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಪತ್ರಿಕೆ, ಕಥೆಪುಸ್ತಕ ಎಲ್ಲ ಇರಬೇಕು ಅಂದಿತು. ಇರಬೇಕು ಅಂದಿತು ಸರಿ, ಹುಡುಕೋದು ಯಾರು ಕಲಿಸಬೇಕು?

ಆ ದಿನ ನಾವೇ ಶುರು ಮಾಡಿದೆವು. ಸಾಮಾನು ಏನು ಗೊತ್ತಾ? ಹಳೇ ಲಗ್ನಪತ್ರಿಕೆ. ಹಿಂದಿನ ಬಿಳಿ ಭಾಗ ಕತ್ತರಿಸಿದರೆ ಒಳ್ಳೆ ಗಟ್ಟಿ ಕಾರ್ಡ್. ಶೂ ಡಬ್ಬಗಳು ಡ್ರಾಯರ್ ಆದವು. ಒಂದು ಪುಸ್ತಕಕ್ಕೆ ಮೂರು ಕಾರ್ಡ್: ಹೆಸರಿಗೆ, ಬರೆದವರಿಗೆ, ವಿಷಯಕ್ಕೆ. ಪುಸ್ತಕ ಕಪಾಟಿನಲ್ಲಿ ಒಂದೇ ಕಡೆ ಇರಬಹುದು, ಕಾರ್ಡು ಎಷ್ಟು ಕಡೆ ಬೇಕಾದರೂ ಇರಬಹುದು. ಇದು ಹೊಳೆದ ಕ್ಷಣ ಮಕ್ಕಳ ಮುಖ ನೋಡಬೇಕಿತ್ತು.

ತೊಡಕು ಬಂದದ್ದು ಅಕಾರಾದಿಯಲ್ಲಿ. 'ಕ್ಷಯರೋಗ' ಅನ್ನೋ ಪುಸ್ತಕದ ಕಾರ್ಡನ್ನು ಮಕ್ಕಳು ಡಬ್ಬದ ಕಟ್ಟಕಡೆಗೆ ಹಾಕಿದರು. ಗೋಡೆಯ ಚಾರ್ಟಿನಲ್ಲಿ ಕ್ಷ, ಜ್ಞ ಇರೋದು ಕೊನೆಯಲ್ಲಿ, ಳ ಆದ ಮೇಲೆ! ನಿಘಂಟಿನಲ್ಲಿ ಕ್ಷ ಬರೋದು ಕ ಒಳಗೆ. ಏಳೆಂಟು ವರ್ಷ ಕನ್ನಡ ಓದಿದ ಮಕ್ಕಳು ನಿಘಂಟು ಬಿಚ್ಚಿ ನೋಡಿಯೇ ಇರಲಿಲ್ಲ. ಅವರ ತಪ್ಪಲ್ಲ, ಅದೂ ಬೀರುವಿನಲ್ಲಿತ್ತು.

ಎರಡನೇ ತೊಡಕು ಇನ್ನೂ ಸೊಗಸಾದ್ದು. ತ.ರಾ.ಸು. ಅವರ ಕಾರ್ಡ್ ಎಲ್ಲಿ ಹಾಕೋದು? ಮಕ್ಕಳು 'ತ' ಅಂದರು. ಲೈಬ್ರರಿ ನಿಯಮ 'ಸುಬ್ಬರಾವ್, ತ.ರಾ.' ಅನ್ನುತ್ತೆ, ಅಂದರೆ 'ಸ'. "ತ ಅಂದ್ರೆ ಏನು ಗೊತ್ತಾ?" ಅಂದೆ. ಗೊತ್ತಿರಲಿಲ್ಲ. ತಳುಕು! ಬಳ್ಳಾರಿ ರಸ್ತೆಯಲ್ಲಿ ಇವರು ಬಸ್ಸಲ್ಲಿ ದಾಟಿ ಹೋಗೋ ಇದೇ ತಾಲ್ಲೂಕಿನ ಊರು. ಕುವೆಂಪು 'ಶ್ರೀ ರಾಮಾಯಣ ದರ್ಶನಂ' ಅರ್ಪಿಸಿದ್ದು ಇದೇ ತಳುಕಿನ ಮನೆತನದ, ತಮ್ಮ ಗುರು ಟಿ.ಎಸ್. ವೆಂಕಣ್ಣಯ್ಯನವರಿಗೆ. 'ಯೇಗ್ದಾಗೆಲ್ಲಾ ಐತೆ' ಬರೆದ ಬೆಳಗೆರೆ ಕೃಷ್ಣಶಾಸ್ತ್ರಿಗಳೂ ಇದೇ ತಾಲ್ಲೂಕಿನವರು. ಮಕ್ಕಳು ಕೂಡಲೇ ಹೊಸ ವಿಷಯದ ಕಾರ್ಡೊಂದು ಮಾಡಿದರು: 'ನಮ್ ಕಡೆಯೋರು'. ಡ್ಯೂಯಿಯ ಸಾವಿರ ಖಾನೆಯಲ್ಲಿ ಇದಿಲ್ಲ.

ಇಷ್ಟು ತಲೆ ಕೆಡಿಸಿಕೊಳ್ಳಬೇಕಾ, ಮೊಬೈಲ್ ಇಲ್ವಾ ಅಂತ ನೀವು ಕೇಳಬಹುದು. ಇದೇ ಕಾವಲುಗಳ ಕಥೆ ಹೇಳ್ತೀನಿ. ಹದಿನೈದು ವರ್ಷದ ಆಚೀಚೆ ಇಲ್ಲಿನ ಸಾವಿರಾರು ಎಕರೆ ದೊಡ್ಡ ದೊಡ್ಡ ಸಂಸ್ಥೆಗಳಿಗೆ ಹೋಯ್ತು. ಡಿಆರ್‌ಡಿಒ, ಐಐಎಸ್‌ಸಿ, ಇಸ್ರೋ. ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ. ಎಷ್ಟೋ ಜನಕ್ಕೆ ವಿಷಯ ಗೊತ್ತಾದದ್ದು ಗೋಡೆ ಎದ್ದ ಮೇಲೆ. ದನ ಮೇಯಿಸೋಕೆ ಹೋದರೆ ದಾರಿ ಇಲ್ಲ. ಪ್ರಕರಣ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದವರೆಗೂ ಹೋಯ್ತು. ಸಂಶೋಧನೆ ಬೇಕೋ ಹುಲ್ಲು ಬೇಕೋ ಅನ್ನೋ ಚರ್ಚೆ ಇನ್ನೊಂದು ಎಪಿಸೋಡಿನದು. ಆದರೆ ಆದೇಶಗಳು ಕಾಗದದಲ್ಲಿದ್ದವು. ಯಾವುದೋ ಕಚೇರಿಯ ಬೀರುವಿನಲ್ಲಿ, ಯಾವುದೋ ನಂಬರಿನಲ್ಲಿ. ಏನಂತ ಕೇಳಬೇಕು, ಯಾವ ಹೆಸರಿನಡಿ ಹುಡುಕಬೇಕು ಅನ್ನೋದು ಗೊತ್ತಿಲ್ಲದವರಿಗೆ ಅಲ್ಲೂ ಸಿಗೋ ಉತ್ತರ 'ಇಲ್ಲಮ್ಮ' ಅಂತಲೇ. ಮೊಬೈಲಿಗೂ ಸರಿಯಾದ ಪದ ಕೊಡಬೇಕಲ್ಲ.

ನಿಮ್ಮೂರಿನ ಶಾಲೆಯ ಬೀರು ತೆಗೆಯದಿದ್ದರೆ ಪಂಚಾಯ್ತಿ ಲೈಬ್ರರಿ ನೋಡಿ. 2019ರಿಂದ ಇವು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿವೆ, 'ಅರಿವು ಕೇಂದ್ರ' ಅಂತ ಬೋರ್ಡ್ ಇರುತ್ತೆ. 2020ರ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ ಮಾಡಿದ್ದಾರೆ. ತಮ್ಮನನ್ನೋ ತಂಗಿಯನ್ನೋ ಕರ್ಕೊಂಡು ಹೋಗಿ.

ಮೊನ್ನೆ ಗೆಳೆಯ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದ್ದ. ಶೂ ಡಬ್ಬ ಮೂರು ಇದ್ದದ್ದು ಐದಾಗಿದೆ. ಬೀಗದ ಕೈ ಈಗ ವಾರಕ್ಕೆರಡು ದಿನ ಆ ಎಂಟನೇ ಕ್ಲಾಸಿನ ಹುಡುಗಿಯ ಹತ್ತಿರ ಇರುತ್ತಂತೆ. ತರಾಸು ಕಾರ್ಡು ಎರಡು ಮಾಡಿದ್ದಾರೆ, 'ಸ'ದಲ್ಲೊಂದು, 'ತ'ದಲ್ಲಿ 'ಸ ನೋಡಿ' ಅಂತ ಬರೆದದ್ದು ಇನ್ನೊಂದು. 'ದುರ್ಗಾಸ್ತಮಾನ' ಕಥೆಯೋ ಇತಿಹಾಸವೋ ಅನ್ನೋ ಜಗಳ ಮಾತ್ರ ಬಗೆಹರಿದಿಲ್ಲ. ಪುಸ್ತಕ ಸದ್ಯಕ್ಕೆ ಮೇಷ್ಟ್ರ ಟೇಬಲ್ ಮೇಲಿದೆ.