ಲಟೋನಾಳ ಬಾಯಾರಿಕೆ

ವರ್ಸೇಲ್ಸ್ ಎಂದೊಡನೆ ನಮ್ಮಲ್ಲಿ ಅನೇಕರಿಗೆ ಶಾಲೆಯ ಚರಿತ್ರೆ ಪಾಠದಲ್ಲಿ ಬಾಯಿಪಾಠ ಮಾಡಿದ ೧೯೧೯ರ ಒಪ್ಪಂದ ನೆನಪಾಗುತ್ತದೆ. ಫ್ರಾನ್ಸಿನ ಆ ಅರಮನೆಯ ಹಿಂಬದಿಯಲ್ಲಿ ವಿಶಾಲವಾದ ಉದ್ಯಾನವೊಂದಿದೆ. ಅಲ್ಲಿನ ಮೆಟ್ಟಿಲಿಳಿದು ಹೋದರೆ, ಕಾರಂಜಿಯೊಂದರ ನಡುವೆ ಎರಡು ಎಳೆಯ ಮಕ್ಕಳೊಂದಿಗೆ ನಿಂತ ತಾಯಿಯ ಅಮೃತಶಿಲೆಯ ಪ್ರತಿಮೆ ಕಾಣುತ್ತದೆ. ಅವಳೇ ಲಟೋನಾ. ಪುರಾಣದಲ್ಲಿ ಅವಳು ಬೇಡಿದ್ದು ಒಂದು ಬೊಗಸೆ ನೀರು. ಅವಳ ಪ್ರತಿಮೆಯ ಚರಿತ್ರೆಯೂ ನೀರಿನ ಚರಿತ್ರೆಯೇ.

ಕಥೆಯನ್ನು ಹೇಳಿದವನು ರೋಮನ್ ಕವಿ ಆವಿಡ್. ದೇವರಾಜ ಜೂಪಿಟರನಿಂದ ಅವಳಿ ಮಕ್ಕಳನ್ನು ಹಡೆದ ಲಟೋನಾ, ಅವನ ಪತ್ನಿ ಜೂನೋಳ ಮತ್ಸರಕ್ಕೆ ಗುರಿಯಾಗಿ ದೇಶಾಂತರ ಅಲೆಯುತ್ತಾಳೆ. ಇಂದಿನ ತುರ್ಕಿಯಲ್ಲಿದ್ದ ಲಿಸಿಯಾ ಪ್ರಾಂತದಲ್ಲಿ, ಬಿಸಿಲಿನಲ್ಲಿ ಬಳಲಿ, ಕೊಳವೊಂದರ ಬಳಿ ಬಾಗುತ್ತಾಳೆ. ಅಲ್ಲಿನ ಹಳ್ಳಿಗರು ತಡೆಯುತ್ತಾರೆ. ಅವಳು ಅಂಗಲಾಚಿದರೂ ಕೇಳದೆ, ಕೊಳಕ್ಕಿಳಿದು ಕಾಲಿನಿಂದ ಕದಡಿ ನೀರನ್ನು ರಾಡಿ ಮಾಡುತ್ತಾರೆ. ನೊಂದ ತಾಯಿ, ನೀವು ಸದಾ ಈ ಕೊಳದಲ್ಲೇ ಬಿದ್ದಿರಿ ಎಂದು ಶಪಿಸುತ್ತಾಳೆ. ಅವರೆಲ್ಲ ಕಪ್ಪೆಗಳಾಗುತ್ತಾರೆ.

ಈ ಪ್ರತಿಮೆಯನ್ನು ಗ್ಯಾಸ್ಪಾರ್ ಮತ್ತು ಬಾಲ್ತಜಾರ್ ಮಾರ್ಸಿ ಎಂಬ ಸಹೋದರರು ೧೬೬೮-೭೦ರಲ್ಲಿ ಕಡೆದರು. ಮಾಡಿಸಿದವನು ಹದಿನಾಲ್ಕನೆಯ ಲೂಯಿ. ಸೂರ್ಯನನ್ನೇ ತನ್ನ ಲಾಂಛನವಾಗಿ ಮಾಡಿಕೊಂಡಿದ್ದ ಆ ದೊರೆಗೆ ಸೂರ್ಯದೇವ ಅಪೋಲೋವಿನ ತಾಯಿಯ ಮೇಲೆ ಅಭಿಮಾನವಿದ್ದುದು ಸಹಜ. ಆಕೆಯ ಸುತ್ತ ಅರ್ಧ ಮನುಷ್ಯರು, ಅರ್ಧ ಕಪ್ಪೆಗಳು. ಅವುಗಳ ಬಾಯಿಯಿಂದ ನೀರು ಚಿಮ್ಮುತ್ತದೆ. ನೀರು ಕೊಡದವರಿಂದಲೇ ಶಿಲ್ಪಿಗಳು ನೀರು ಕೊಡಿಸಿದರು! ಮೊದಲು ಲಟೋನಾಳ ಮುಖ ಅರಮನೆಯ ಕಡೆಗಿತ್ತು. ೧೬೮೭-೮೯ರಲ್ಲಿ ಶಿಲ್ಪತಜ್ಞ ಮಾನ್ಸಾರ್ ಅವಳನ್ನು ಅಂತಸ್ತಂತಸ್ತಾದ ಅಮೃತಶಿಲೆಯ ಪೀಠದ ಮೇಲೇರಿಸಿ, ದೂರದ ಮಹಾಕಾಲುವೆಯ ಕಡೆಗೆ ತಿರುಗಿಸಿದನು.

ಆದರೆ ನಿಜವಾದ ನೀರೆಲ್ಲಿತ್ತು? ವರ್ಸೇಲ್ಸಿನಲ್ಲಿ ನದಿಯಿಲ್ಲ, ಸೇನ್ ನದಿ ದೂರದ ತಗ್ಗಿನಲ್ಲಿದೆ. ೧೬೮೪ರಲ್ಲಿ ಮಾರ್ಲಿ ಎಂಬಲ್ಲಿ ಹದಿನಾಲ್ಕು ಭಾರಿ ಚಕ್ರಗಳ, ಇನ್ನೂರಕ್ಕೂ ಹೆಚ್ಚು ಪಂಪುಗಳ ಯಂತ್ರ ಸಿದ್ಧವಾಯಿತು. ನೀರನ್ನು ಹತ್ತು ಮೀಟರ್ ಎತ್ತಲು ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಬೇಕೆಂಬುದು ವಿಜ್ಞಾನದ ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಇಲ್ಲಿ ಏರಿಸಬೇಕಾದದ್ದು ೧೫೦ ಮೀಟರಿಗೂ ಹೆಚ್ಚು! ಆದ್ದರಿಂದ ಮೂರು ಹಂತಗಳಲ್ಲಿ ಎತ್ತಿದರು. ಅದೂ ಸಾಲಲಿಲ್ಲ. ಯೂರ್ ನದಿಯನ್ನೇ ತಿರುಗಿಸಲು ಸಾವಿರಾರು ಸೈನಿಕರನ್ನು ಕಾಲುವೆ ಕೆಲಸಕ್ಕೆ ಹಚ್ಚಿದರು. ಜ್ವರದಿಂದ ಬಹಳ ಮಂದಿ ಸತ್ತರು. ೧೬೮೮ರಲ್ಲಿ ಯುದ್ಧ ಬಂದು ಕೆಲಸ ನಿಂತಿತು. ಮುಗಿಯದ ಮೇಲ್ಗಾಲುವೆಯ ಕಮಾನುಗಳು ಮ್ಯಾಂಟೆನೋನಿನಲ್ಲಿ ಇಂದಿಗೂ ನಿಂತಿವೆ.

ಕಡೆಗೆ ಕಂಡ ಉಪಾಯ ಬಹಳ ಸರಳ. ದೊರೆ ಸವಾರಿ ಬರುವಾಗ ಆಳುಗಳು ಸಿಳ್ಳು ಹಾಕಿ ಸೂಚಿಸುವರು. ಮುಂದಿನ ಕಾರಂಜಿ ತೆರೆಯುವುದು, ಅವನು ದಾಟಿದ ಕಾರಂಜಿ ನಿಲ್ಲುವುದು. ಲೋಕಕ್ಕೆ ಸೂರ್ಯನಾದವನಿಗೂ ನೀರು ಸರದಿಯ ಮೇಲೆಯೇ!

೨೦೧೩-೧೫ರಲ್ಲಿ ಲಟೋನಾ ಕಾರಂಜಿಯ ಜೀರ್ಣೋದ್ಧಾರವಾಯಿತು. ಚಿತ್ರಗಳಲ್ಲಿ ನೋಡುವವರ ಕಣ್ಣು ಮೊದಲು ಥಳಥಳಿಸುವ ಕಪ್ಪೆಗಳ ಮೇಲೆ ಬೀಳುತ್ತದೆ. ನಸುಕಿನಲ್ಲಿ ಎದ್ದು ನಲ್ಲಿಯ ಮುಂದೆ ಬಕೆಟ್ ಸಾಲಿಡುವ ನಮ್ಮಂಥ ನಗರವಾಸಿಗಳಿಗಾದರೋ ಆ ತಾಯಿಯ ಮುಖವೇ ಹೆಚ್ಚು ಪರಿಚಿತ. ಒಂದು ಬೊಗಸೆಯನ್ನು ನಿರಾಕರಿಸಿದವರಿಗೆ ಪುರಾಣ ಶಿಕ್ಷೆ ವಿಧಿಸಿತು. ಅವಳ ಸುತ್ತ ನೀರು ಚಿಮ್ಮಿಸಲೆಂದು ನದಿಯನ್ನೇ ತಿರುಗಿಸಹೊರಟಾಗ ಸತ್ತ ಸೈನಿಕರಿಗೆ ಆ ಉದ್ಯಾನದ ಪ್ರತಿಮೆಗಳಲ್ಲಿ ಸ್ಥಾನ ದೊರೆಯಲಿಲ್ಲ.