ಮಿಸೂಲಾ: ಸೈಕಲ್ ದಂಡು, ಸೈಕಲ್ ದಾರಿ

ಮಿಸೂಲಾ ಅಮೆರಿಕದ ಮೊಂಟಾನಾ ರಾಜ್ಯದಲ್ಲಿ, ರಾಕಿ ಪರ್ವತಗಳ ನಡುವಿನ ಕಣಿವೆಯಲ್ಲಿರುವ ಊರು. ಗುಂಪಾಗಿ ಸೈಕಲ್ ಮೇಲೆ ಬಹುದೂರ ಹೋಗುವ ರೂಢಿಯ ಚರಿತ್ರೆಯಲ್ಲಿ ಈ ಊರಿನ ಹೆಸರು ಎರಡು ಸಲ ಬರುತ್ತದೆ. 1897ರಲ್ಲಿ ಇಲ್ಲಿನ ಸೇನಾ ಠಾಣ್ಯವಾದ ಫೋರ್ಟ್ ಮಿಸೂಲಾದಿಂದ ಕಪ್ಪು ಜನಾಂಗದ ಸೈನಿಕರ ತುಕಡಿಯೊಂದು ಸುಮಾರು 3,050 ಕಿ.ಮೀ. ಸೈಕಲ್ ತುಳಿದು ಸೇಂಟ್ ಲೂಯಿಸ್ ನಗರ ಮುಟ್ಟಿತು. 1976ರಲ್ಲಿ ಇದೇ ಊರಿನ ಒಂದು ಸಣ್ಣ ಕಚೇರಿ 4,000ಕ್ಕೂ ಹೆಚ್ಚು ಮಂದಿಯನ್ನು ಅಮೆರಿಕ ಖಂಡಕ್ಕೆ ಅಡ್ಡಲಾಗಿ ಹಾಕಿದ ಹೊಸ ಸೈಕಲ್ ದಾರಿಯ ಮೇಲೆ ಕಳಿಸಿತು. ಒಂದು ಸೇನೆಯ ಪ್ರಯೋಗ, ಇನ್ನೊಂದು ಜನರ ಹಬ್ಬ. ಆದರೂ ಎರಡನ್ನೂ ಯೋಜಿಸಿದವರು ಒಂದೇ ಬಗೆಯ ಲೆಕ್ಕ ಹಾಕಬೇಕಾಯಿತು: ಎಷ್ಟು ಹೊರೆ ಹೊರಬಹುದು, ನೀರು ಎಲ್ಲಿ ಸಿಗುತ್ತದೆ, ಯಾವ ದಾರಿ ಹಿಡಿಯಬೇಕು, ಎಷ್ಟು ಜನ ಜೊತೆಯಲ್ಲಿರಬೇಕು.

1890ರ ದಶಕದಲ್ಲಿ ಅಮೆರಿಕದ ತುಂಬ ಸೈಕಲ್ಲಿನ ಭರಾಟೆ. ಗಾಳಿ ತುಂಬಿದ ಟೈರಿನ, ಎರಡೂ ಚಕ್ರ ಸಮನಾಗಿರುವ ಹೊಸ ಸೈಕಲ್ ಆಗಷ್ಟೇ ಬಳಕೆಗೆ ಬಂದಿತ್ತು. ಕುದುರೆಗೆ ಮೇವು ಬೇಕು, ನೀರು ಬೇಕು, ವಿಶ್ರಾಂತಿ ಬೇಕು. ಸೈಕಲ್ಲಿಗೆ ಅದೊಂದೂ ಬೇಡ. ಸೇನೆಯ ಮುಖ್ಯಸ್ಥ ಜನರಲ್ ನೆಲ್ಸನ್ ಮೈಲ್ಸ್ ಇದನ್ನು ಒಪ್ಪಿದವರಲ್ಲಿ ಒಬ್ಬ. ಫೋರ್ಟ್ ಮಿಸೂಲಾದಲ್ಲಿದ್ದ 25ನೇ ಪದಾತಿ ರೆಜಿಮೆಂಟಿನ ಲೆಫ್ಟಿನೆಂಟ್ ಜೇಮ್ಸ್ ಮಾಸ್ 1896ರಲ್ಲಿ ಸೈಕಲ್ ತುಕಡಿ ಕಟ್ಟಲು ಅನುಮತಿ ಪಡೆದ. ಆ ರೆಜಿಮೆಂಟಿನಲ್ಲಿ ಸೈನಿಕರೆಲ್ಲ ಕಪ್ಪು ಜನ, ಅಧಿಕಾರಿಗಳು ಬಿಳಿಯರು. ಅಂದಿನ ಅಮೆರಿಕದ ಸೇನೆಯ ಪದ್ಧತಿಯೇ ಹಾಗಿತ್ತು.

ಮಾಸ್ ಏಕಾಏಕಿ ದೊಡ್ಡ ಯಾತ್ರೆಗೆ ಕೈ ಹಾಕಲಿಲ್ಲ. ಅವನ ಯೋಜನೆಯಲ್ಲಿ ಮೆಚ್ಚಬೇಕಾದ ಮೊದಲ ಸಂಗತಿ ಇದು. ಎಂಟು ಜನರನ್ನು ಆರಿಸಿಕೊಂಡು ದಿನವೂ ಕಸರತ್ತು ಮಾಡಿಸಿದ. ಎದುರಿಗೆ ಒಂಬತ್ತು ಅಡಿ ಎತ್ತರದ ಬೇಲಿ. ಆಜ್ಞೆ ಬಿದ್ದೊಡನೆ ಒಬ್ಬ ಸೈಕಲ್ಲನ್ನು ಬೇಲಿಗೆ ಆನಿಸಿ, ಅದನ್ನೇ ಮೆಟ್ಟಿಲು ಮಾಡಿಕೊಂಡು ಹತ್ತಿ ಆಚೆಗೆ ಧುಮುಕುತ್ತಾನೆ. ಹಿಂದಿನವನು ಸೈಕಲ್ ಎತ್ತಿ ದಾಟಿಸುತ್ತಾನೆ. ಇಡೀ ತುಕಡಿ ಇಪ್ಪತ್ತು ಸೆಕೆಂಡಿನಲ್ಲಿ ಬೇಲಿ ದಾಟುವಷ್ಟು ಪಳಗಿತು. ಹೊಳೆ ಅಡ್ಡ ಬಂದರೆ ಸೈಕಲ್ಲನ್ನು ಉದ್ದನೆಯ ಕೋಲಿಗೆ ತೂಗುಹಾಕಿ ಇಬ್ಬರು ಹೆಗಲ ಮೇಲೆ ಹೊತ್ತು ದಾಟುವುದನ್ನೂ ಕಲಿತರು.

ಆ ವರ್ಷದ ಆಗಸ್ಟಿನಲ್ಲಿ ಮೆಕ್‌ಡೊನಾಲ್ಡ್ ಸರೋವರಕ್ಕೆ ಹೋಗಿಬಂದದ್ದು ಮೊದಲ ಪರೀಕ್ಷೆ. ಎರಡೂ ಕಡೆ ಸೇರಿ ಸುಮಾರು 200 ಕಿ.ಮೀ. ಮಳೆ ಹಿಡಿಯಿತು, ದಾರಿ ಕೆಸರಾಯಿತು, ಪಂಕ್ಚರುಗಳಿಗೆ ಲೆಕ್ಕವಿರಲಿಲ್ಲ. ಅದೇ ತಿಂಗಳ ನಡುವಿನಲ್ಲಿ ತುಕಡಿ ಮತ್ತೆ ಹೊರಟು ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನ ಸುತ್ತಿ ಬಂತು. ಈ ಬಾರಿ ಸುಮಾರು 1,300 ಕಿ.ಮೀ. ಅಲ್ಲಿನ ಬಿಸಿನೀರ ಬುಗ್ಗೆಗಳ ಬೆಳ್ಳನೆಯ ಸುಣ್ಣದ ಮೆಟ್ಟಿಲುಗಳ ಮೇಲೆ ಸೈನಿಕರು ಸೈಕಲ್ ಹಿಡಿದು ಸಾಲಾಗಿ ನಿಂತ ಚಿತ್ರವೊಂದು ಉಳಿದಿದೆ. ಆ ಕಾಲದ ಸೈಕಲ್ ಯಾತ್ರೆಗಳ ಚಿತ್ರಗಳಲ್ಲಿ ಅದಕ್ಕಿಂತ ಪ್ರಸಿದ್ಧವಾದದ್ದು ಬಹುಶಃ ಇನ್ನೊಂದಿಲ್ಲ.

ಈ ಎರಡು ಓಡಾಟಗಳ ಪಾಠ ಮುಂದಿನ ವರ್ಷದ ಸೈಕಲ್ಲಿನಲ್ಲೇ ಕಾಣಿಸಿತು. ಸ್ಪಾಲ್ಡಿಂಗ್ ಕಂಪನಿ ಸೇನೆಗೆಂದೇ ಮಾಡಿಕೊಟ್ಟ ಸೈಕಲ್ಲುಗಳಿಗೆ ಉಕ್ಕಿನ ರಿಮ್, ಬಲಪಡಿಸಿದ ಫೋರ್ಕ್, ಧೂಳು ತಾಗದಂತೆ ಚೈನಿಗೆ ಮುಚ್ಚಳ, ಸಾಮಾನಿಗೆ ಕ್ಯಾರಿಯರ್ ಇದ್ದವು. ಬರಿಯ ಸೈಕಲ್ಲಿನ ತೂಕ ಸುಮಾರು 14.5 ಕಿಲೊ, ಸಾಮಾನು ಕಟ್ಟಿದ ಮೇಲೆ ಸುಮಾರು 27 ಕಿಲೊ. ಹ್ಯಾಂಡಲಿನ ಮುಂದೆ ಕಂಬಳಿಯ ಸುರುಳಿ, ಅದರೊಳಗೆ ಅರ್ಧ ಗುಡಾರ. ಒಬ್ಬನ ಬಳಿ ಅರ್ಧ, ಜೊತೆಗಾರನ ಬಳಿ ಇನ್ನರ್ಧ. ರಾತ್ರಿ ಎರಡನ್ನೂ ಸೇರಿಸಿ ಗುಂಡಿ ಹಾಕಿದರೆ ಇಬ್ಬರಿಗೂ ಸೂರು. ಸೈಕಲ್ಲಿನ ಚೌಕಟ್ಟಿನ ನಡುವಿನ ಖಾಲಿ ಜಾಗಕ್ಕೆ ಸರಿಯಾಗಿ ಹೊಂದುವ ಗಟ್ಟಿ ತೊಗಲಿನ ಪೆಟ್ಟಿಗೆಯಲ್ಲಿ ಬುತ್ತಿ. ಇಷ್ಟೂ ಸಾಲದೆಂಬಂತೆ ಬೆನ್ನಿಗೆ ನಾಲ್ಕೂವರೆ ಕಿಲೊ ತೂಕದ ಬಂದೂಕು, ಸೊಂಟಕ್ಕೆ ಐವತ್ತು ತೋಟಾಗಳ ಪಟ್ಟಿ.

1897ರ ಜೂನ್ 14ರ ಬೆಳಗಿನ ಜಾವ ತುಕಡಿ ಹೊರಟಿತು. ಇಪ್ಪತ್ತು ಸೈನಿಕರು, ಮಾಸ್, ಸೇನಾ ವೈದ್ಯ ಜೇಮ್ಸ್ ಕೆನಡಿ, ಜೊತೆಗೆ ಸ್ಥಳೀಯ ಪತ್ರಿಕೆಯ ವರದಿಗಾರ, ಹತ್ತೊಂಬತ್ತರ ಹುಡುಗ ಎಡ್ವರ್ಡ್ ಬೂಸ್. ಸೈನಿಕರಲ್ಲಿ ಹಿರಿಯ ಮಿಂಗೊ ಸ್ಯಾಂಡರ್ಸ್. ವಯಸ್ಸು ನಲವತ್ತರ ಹತ್ತಿರ, ಒಂದು ಕಣ್ಣಿನ ದೃಷ್ಟಿ ಮಂದ. ಜಾನ್ ಫಿಂಡ್ಲಿ ಎಂಬ ಸೈನಿಕ ಸೇನೆ ಸೇರುವ ಮೊದಲು ಶಿಕಾಗೊದ ಸೈಕಲ್ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದವನು. ರಿಪೇರಿಯ ಹೊಣೆ ಅವನದು. ಗುಂಪಿನಲ್ಲಿ ಒಬ್ಬ ಮೆಕ್ಯಾನಿಕ್ ಮತ್ತು ಒಬ್ಬ ವೈದ್ಯ ಇರಲೇಬೇಕೆಂಬುದು ಮಾಸ್‌ಗೆ ಮೊದಲೇ ಹೊಳೆದಿತ್ತು.

ಸೇಂಟ್ ಲೂಯಿಸ್ ದಾರಿಯನ್ನು ಆರಿಸಿದ್ದಕ್ಕೂ ಕಾರಣವಿತ್ತು. ಪರ್ವತ, ಬಯಲು, ಮರಳು, ಕೆಸರು, ಹಿಮ, ಬಿಸಿಲು ಎಲ್ಲವೂ ಒಂದೇ ದಾರಿಯಲ್ಲಿ ಎದುರಾಗುತ್ತಿದ್ದವು. ಅದಕ್ಕಿಂತ ಮುಖ್ಯವಾಗಿ, ದಾರಿಯುದ್ದಕ್ಕೂ ರೈಲು ಹಳಿ ಇತ್ತು. ಪ್ರತಿಯೊಬ್ಬನೂ ಎರಡು ದಿನದ ಪಡಿಯನ್ನಷ್ಟೇ ಹೊರಬೇಕು; ಸುಮಾರು 160 ಕಿ.ಮೀ.ಗೊಂದು ರೈಲು ನಿಲ್ದಾಣದಲ್ಲಿ ಮುಂದಿನ ಪಡಿ ಮೊದಲೇ ಬಂದು ಕೂತಿರುತ್ತದೆ. ಯೋಜನೆಯ ಜೀವಾಳ ಈ ಏರ್ಪಾಡು. ಆದರೆ ಇದರಲ್ಲಿ ಒಂದು ಕಟ್ಟುನಿಟ್ಟು ಅಡಗಿತ್ತು. ಎರಡು ದಿನದಲ್ಲಿ 160 ಕಿ.ಮೀ. ಸಾಗಲಾಗದಿದ್ದರೆ ಹೊಟ್ಟೆಗೆ ಕಡಿಮೆ ಬೀಳುತ್ತದೆ. ಹಾಗೆ ಬಿದ್ದ ದಿನಗಳೂ ಇದ್ದವು.

ಮೊದಲ ದಿನಗಳಲ್ಲೇ ಮಳೆ. ಮೊಂಟಾನಾದ ಬಯಲಿನ ಅಂಟುಮಣ್ಣು ಒದ್ದೆಯಾದರೆ ನಮ್ಮ ಬಿಜಾಪುರ ಸೀಮೆಯ ಎರೆಮಣ್ಣಿನಂತೆಯೇ ಕಚ್ಚಿಕೊಳ್ಳುತ್ತದೆ. ಚಕ್ರಕ್ಕೆ ಮೆತ್ತಿ, ಫೋರ್ಕಿನೊಳಗೆ ತುಂಬಿ, ಚಕ್ರ ತಿರುಗುವುದೇ ನಿಲ್ಲುತ್ತದೆ. ನಾಲ್ಕು ಹೆಜ್ಜೆಗೊಮ್ಮೆ ನಿಂತು ಕೈಯಿಂದ ಮಣ್ಣು ಕೆರೆದು ತೆಗೆಯಬೇಕು. ರಾಕಿ ಪರ್ವತದ ನೆತ್ತಿ ದಾಟುವಾಗ ಜೂನ್ ತಿಂಗಳಲ್ಲೂ ಹಿಮ ಸುರಿಯಿತು. ಎಷ್ಟೋ ಏರುಗಳಲ್ಲಿ ಸೈಕಲ್ ತುಳಿಯುವ ಮಾತೇ ಇರಲಿಲ್ಲ, ತಳ್ಳಿಕೊಂಡೇ ಹೋದರು.

ಇಡೀ ಯಾತ್ರೆಯ ಕಠಿಣ ಭಾಗ ನೆಬ್ರಾಸ್ಕಾದ ಮರಳು ದಿಣ್ಣೆಗಳಲ್ಲಿ ಕಾದಿತ್ತು. ಬಂಡಿ ದಾರಿಯಲ್ಲಿ ಚಕ್ರ ಹೂತುಹೋಗುತ್ತಿದ್ದುದರಿಂದ ಸುಮಾರು 270 ಕಿ.ಮೀ. ದೂರವನ್ನು ರೈಲು ಹಳಿಯ ಮೇಲೇ ಸಾಗಬೇಕಾಯಿತು. ಹಳಿಯ ಅಡ್ಡ ದಿಮ್ಮಿಗಳ ಮೇಲೆ ಸೈಕಲ್ ಓಡಿಸಿದರೆ ಮೈಯೆಲ್ಲ ಕುಲುಕಾಡುತ್ತದೆ, ಇಳಿದು ನಡೆದರೆ ಹೊತ್ತು ಹೋಗುತ್ತದೆ. ಬಿಸಿಲು 43 ಡಿಗ್ರಿ ಮುಟ್ಟಿತ್ತು. ಅಲ್ಲಿನ ನೀರು ಸವಳು. ಕುಡಿದವರಿಗೆ ಹೊಟ್ಟೆ ಕೆಟ್ಟಿತು, ಮಾಸ್ ಕೂಡ ಕಾಯಿಲೆ ಬಿದ್ದ. ಕುಡಿಯಲು ಯೋಗ್ಯವಾದ ನೀರೆಂದರೆ ರೈಲು ಎಂಜಿನ್ನಿಗಾಗಿ ಕಟ್ಟಿದ್ದ ತೊಟ್ಟಿಗಳದ್ದು. ಅವಾದರೋ ಎಂಜಿನ್ನಿನ ಓಟಕ್ಕೆ ತಕ್ಕಂತೆ ಒಂದರಿಂದ ಒಂದು ಬಲು ದೂರದಲ್ಲಿದ್ದವು. ಮಾಸ್‌ನ ಯೋಜನೆಯ ದೊಡ್ಡ ಕೊರತೆ ಇಲ್ಲೇ ಇತ್ತು. ಅನ್ನದ ಲೆಕ್ಕವನ್ನು ಅವನು ನಕ್ಷೆಯ ಮೇಲೆ ಬೊಟ್ಟಿಟ್ಟು ಮಾಡಿದ್ದ. ನೀರಿನ ಲೆಕ್ಕವನ್ನು ದಾರಿಯ ಪಾಲಿಗೆ ಬಿಟ್ಟಿದ್ದ.

ಜುಲೈ 24ರಂದು, 41ನೇ ದಿನ, ತುಕಡಿ ಸೇಂಟ್ ಲೂಯಿಸ್ ತಲುಪಿತು. ನಗರದ ಸೈಕಲ್ ಸವಾರರು ಹೊರವಲಯಕ್ಕೆ ಬಂದು ಎದುರುಗೊಂಡರು, ಫಾರೆಸ್ಟ್ ಪಾರ್ಕಿನಲ್ಲಿ ಸಾವಿರಾರು ಜನ ನೆರೆದರು. ದಾರಿಯಲ್ಲಿ ಹಾಳಾದದ್ದು ಹದಿನೇಳು ಟೈರು, ಆರು ಚೌಕಟ್ಟು ಎಂದು ಮಾಸ್ ಲೆಕ್ಕ ಕೊಟ್ಟ. ಕುದುರೆ ಪಡೆಗಿಂತ, ಕಾಲಾಳುಗಳಿಗಿಂತ ಸೈಕಲ್ ಪಡೆ ಎರಡು ಪಟ್ಟು ವೇಗವಾಗಿ, ಮೂರನೇ ಒಂದು ಪಾಲು ಖರ್ಚಿನಲ್ಲಿ ಸಾಗಬಲ್ಲದು ಎಂಬುದು ಅವನ ತೀರ್ಮಾನ. ಸೇನೆಗೆ ಅದು ಮನವರಿಕೆಯಾಗಲಿಲ್ಲ. ತುಕಡಿ ರೈಲು ಹತ್ತಿ ಮಿಸೂಲಾಕ್ಕೆ ಮರಳಿತು. ಮುಂದೆ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗಿಬರುವ ಮಾಸ್‌ನ ಪ್ರಸ್ತಾವಕ್ಕೆ ಒಪ್ಪಿಗೆ ಸಿಗಲಿಲ್ಲ. 1898ರಲ್ಲಿ ಸ್ಪೇನ್ ಜೊತೆ ಯುದ್ಧ ಶುರುವಾಗಿ ರೆಜಿಮೆಂಟು ಕ್ಯೂಬಾಕ್ಕೆ ಹೋಯಿತು. ಸೈಕಲ್ ತುಕಡಿ ಮತ್ತೆ ಕೂಡಲೇ ಇಲ್ಲ.

ಆ ಸವಾರರಿಗೆ ಸಲ್ಲಬೇಕಾದ ಗೌರವವೂ ಸಲ್ಲಲಿಲ್ಲ. 1906ರಲ್ಲಿ ಟೆಕ್ಸಸ್‌ನ ಬ್ರೌನ್ಸ್‌ವಿಲ್‌ನಲ್ಲಿ ನಡೆದ ಗುಂಡಿನ ಪ್ರಕರಣವೊಂದರ ಆರೋಪವನ್ನು ಅಲ್ಲಿದ್ದ 25ನೇ ರೆಜಿಮೆಂಟಿನ ಮೇಲೆ ಹೊರಿಸಲಾಯಿತು. ವಿಚಾರಣೆಯೇ ಇಲ್ಲದೆ 167 ಕಪ್ಪು ಸೈನಿಕರನ್ನು ಅಧ್ಯಕ್ಷ ಥಿಯೊಡೊರ್ ರೂಸ್‌ವೆಲ್ಟ್ ಸೇನೆಯಿಂದ ಕಿತ್ತುಹಾಕಿದರು. ಅವರಲ್ಲಿ ಮಿಂಗೊ ಸ್ಯಾಂಡರ್ಸ್ ಒಬ್ಬ. ಕಾಲು ಶತಮಾನ ದುಡಿದು ಪಿಂಚಣಿಯ ಹೊಸ್ತಿಲಿಗೆ ಬಂದಿದ್ದ ಅವನು ಬರಿಗೈಯಲ್ಲಿ ಮನೆಗೆ ಹೋದ. ಆ ಆಜ್ಞೆ ಅನ್ಯಾಯದ್ದೆಂದು ಸೇನೆ ಒಪ್ಪಿ ರದ್ದು ಮಾಡಿದ್ದು 1972ರಲ್ಲಿ. ಸ್ಯಾಂಡರ್ಸ್ ಅದಕ್ಕೆ ಎಷ್ಟೋ ಮೊದಲೇ ತೀರಿಕೊಂಡಿದ್ದ. ಮುಂದೆ 1974ರಲ್ಲಿ ಮೊಂಟಾನಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ತಂಡವೊಂದು ಸೈಕಲ್ ತುಕಡಿಯ ನೆನಪಿಗೆ ಅದೇ ದಾರಿ ಹಿಡಿದು ಸೇಂಟ್ ಲೂಯಿಸ್‌ಗೆ ಹೋಯಿತು.

ಮಿಸೂಲಾದ ಎರಡನೆಯ ಅಧ್ಯಾಯ ಶುರುವಾದದ್ದೂ ಈ ವರ್ಷಗಳಲ್ಲೇ. ಗ್ರೆಗ್ ಮತ್ತು ಜೂನ್ ಸೈಪಲ್, ಡ್ಯಾನ್ ಮತ್ತು ಲಿಸ್ ಬರ್ಡನ್ ಎಂಬ ಎರಡು ಜೋಡಿಗಳು 1972ರಲ್ಲಿ ಅಲಾಸ್ಕಾದಿಂದ ದಕ್ಷಿಣ ಅಮೆರಿಕದ ತುದಿಯವರೆಗೆ ಸೈಕಲ್ ಹೊಡೆಯಲು ಹೊರಟಿದ್ದರು. ಮರುವರ್ಷ ಮೆಕ್ಸಿಕೊದಲ್ಲಿ ಸಾಗುತ್ತಿರುವಾಗ ಒಂದು ಯೋಚನೆ ಬಂತು. 1976ಕ್ಕೆ ಅಮೆರಿಕಕ್ಕೆ ಸ್ವಾತಂತ್ರ್ಯ ಬಂದು 200 ವರ್ಷ. ಆ ಬೇಸಿಗೆಯಲ್ಲಿ ಜನರನ್ನು ಸೈಕಲ್ ಮೇಲೆ ದೇಶ ದಾಟಿಸಿದರೆ ಹೇಗೆ? ಬೈಕ್‌ಸೆಂಟೆನಿಯಲ್ ಎಂಬ ಹೆಸರು ಕೊಟ್ಟವಳು ಜೂನ್. ಡ್ಯಾನ್‌ಗೆ ಕಾಮಾಲೆಯಾಗಿ ಬರ್ಡನ್ ದಂಪತಿ ಊರಿಗೆ ಮರಳಬೇಕಾಯಿತು. ಸೈಪಲ್ ದಂಪತಿ ಮುಂದುವರಿದು 1975ರಲ್ಲಿ ಖಂಡದ ತುದಿ ಮುಟ್ಟಿದರು. ಯೋಜನೆಯ ಕೆಲಸವನ್ನು ಬರ್ಡನ್ ದಂಪತಿ ಮಿಸೂಲಾದಿಂದ ಶುರು ಮಾಡಿದರು.

ಗ್ರೆಗ್‌ನ ಮೊದಲ ಕಲ್ಪನೆ ಸರಳವಾಗಿತ್ತು: ಪತ್ರಿಕೆಗಳಲ್ಲಿ ಕರೆ ಕೊಡುವುದು, ಸ್ಯಾನ್ ಫ್ರಾನ್ಸಿಸ್ಕೊದ ಉದ್ಯಾನವೊಂದರಲ್ಲಿ ಸಾವಿರಾರು ಜನ ಸೇರುವುದು, ಎಲ್ಲರೂ ಒಟ್ಟಿಗೆ ಪೂರ್ವಕ್ಕೆ ಹೊರಡುವುದು. ನೋಡಲು ಅದು ಭವ್ಯವಾಗಿರುತ್ತಿತ್ತು. ಆದರೆ ಅಷ್ಟು ಜನ ಒಂದೇ ರಾತ್ರಿ ಇಳಿದುಕೊಂಡರೆ ಕ್ಯಾನ್ಸಸ್‌ನ ಸಣ್ಣ ಊರಿನಲ್ಲಿ ಬ್ರೆಡ್ಡೂ ಸಿಗದು, ಸ್ನಾನಕ್ಕೆ ನೀರೂ ಸಾಲದು. ಹಾಗಾಗಿ ಗುಂಪನ್ನು ಒಡೆದರು. ಹತ್ತು ಹನ್ನೆರಡು ಜನರಿಗೊಬ್ಬ ತರಬೇತಿ ಪಡೆದ ಮುಂದಾಳು. ತಂಡಗಳು ಬೇರೆ ಬೇರೆ ದಿನ, ಪೂರ್ವದಿಂದಲೂ ಪಶ್ಚಿಮದಿಂದಲೂ ಹೊರಡುವುದು. ಒಂದೇ ಒಲೆಯ ಮೇಲೆ ಅಡುಗೆ ಮಾಡಿಕೊಳ್ಳಲು, ಪಂಕ್ಚರಾದವನಿಗಾಗಿ ಕಾಯಲು ಇದು ಸರಿಯಾದ ಸಂಖ್ಯೆ. ತುಕಡಿಯ ಕಾಲದಿಂದ 1976ರವರೆಗಿನ ಎಲ್ಲ ಬದಲಾವಣೆಗಳಲ್ಲಿ ಗುಂಪಿನ ಗಾತ್ರದ ಕುರಿತ ಈ ವಿವೇಕವೇ ಹೆಚ್ಚು ಬಾಳಿಕೆ ಬಂದದ್ದು ಎನ್ನಬೇಕು.

ದಾರಿ ಹುಡುಕುವುದಕ್ಕೆ ಹೆಚ್ಚು ಶ್ರಮ ಬೇಕಾಯಿತು. ದೊಡ್ಡ ಹೆದ್ದಾರಿಗಳು ಬಂದ ಮೇಲೆ ಹಳೆಯ ಊರ ರಸ್ತೆಗಳಲ್ಲಿ ವಾಹನ ಕಡಿಮೆಯಾಗಿದ್ದವು. ಲಿಸ್ ಬರ್ಡನ್ ಮತ್ತು ಜೊತೆಗಾರರು ಅಂಥ ರಸ್ತೆಗಳನ್ನು ಒಂದಕ್ಕೊಂದು ಹೆಣೆದರು. ಒರೆಗಾನ್ ಕರಾವಳಿಯಿಂದ ವರ್ಜೀನಿಯಾದವರೆಗೆ ಹತ್ತು ರಾಜ್ಯಗಳನ್ನು ಹಾಯುವ, ಸುಮಾರು 6,800 ಕಿ.ಮೀ. ಉದ್ದದ ದಾರಿ ಸಿದ್ಧವಾಯಿತು. ಅದರ ಅತ್ಯಂತ ಎತ್ತರದ ಜಾಗ ಕೊಲೊರಾಡೊದ ಹೂಸಿಯರ್ ಪಾಸ್, ಸಮುದ್ರ ಮಟ್ಟದಿಂದ ಸುಮಾರು 3,500 ಮೀಟರ್. ತಿರುವುಗಳನ್ನೂ ಅಂಗಡಿಗಳನ್ನೂ ತಂಗುವ ಜಾಗಗಳನ್ನೂ ಗುರುತಿಸಿದ ಕಿರುಪುಸ್ತಕಗಳು ಸವಾರರ ಕೈಗೆ ಬಂದವು. ಕೆಲವು ತಂಡಗಳು ಗುಡಾರ ಹೊತ್ತವು. ಉಳಿದವು ಚರ್ಚು, ಶಾಲೆಯಂಥ ಕಡೆ ಮೊದಲೇ ಗೊತ್ತುಮಾಡಿದ ತಂಗುದಾಣಗಳಲ್ಲಿ ಮಲಗಿದವು. ಸೈನಿಕರಿಗೆ ಪಡಿಯ ಪೆಟ್ಟಿಗೆ ಹೇಗೋ ಇವರಿಗೆ ಈ ಊರುಗಳ ಸರಣಿ ಹಾಗೆ.

1976ರ ಬೇಸಿಗೆಯಲ್ಲಿ ಭಾಗವಹಿಸಿದ 4,000ಕ್ಕೂ ಹೆಚ್ಚು ಸವಾರರಲ್ಲಿ ಸುಮಾರು 2,000 ಮಂದಿ ಪೂರ್ತಿ ದೂರ ಮುಗಿಸಿದರು. ನೆದರ್ಲೆಂಡ್ಸ್‌ನಿಂದ ಬಂದವರೂ ಅವರಲ್ಲಿದ್ದರು. ಕೆಂಟಕಿಯಲ್ಲಿ ಬೆನ್ನಟ್ಟುವ ನಾಯಿಗಳು ಮತ್ತು ಕಲ್ಲಿದ್ದಲ ಲಾರಿಗಳು, ಕ್ಯಾನ್ಸಸ್‌ನಲ್ಲಿ ಹಗಲೆಲ್ಲ ಬೀಸುವ ಗಾಳಿ, ಎಲ್ಲವನ್ನೂ ತಾಳಿಕೊಂಡರು. ವರ್ಜೀನಿಯಾದ ಆಫ್ಟನ್‌ನಲ್ಲಿ ಕಡಿದಾದ ಏರಿನ ಪಕ್ಕದ ಮನೆಯ ಜೂನ್ ಕರಿ ಎಂಬಾಕೆ ಬಾಯಾರಿ ಬಂದವರಿಗೆ ನೀರು ಕೊಟ್ಟು, ಜೊತೆಗೆ ಮನೆಯಲ್ಲೇ ಮಾಡಿದ ಬಿಸ್ಕತ್ತು ಕೊಡತೊಡಗಿದಳು. ಸವಾರರ ಬಾಯಲ್ಲಿ ಆಕೆ ಕುಕಿ ಲೇಡಿ ಆದಳು. ದೂರದ ಊರುಗಳಿಂದ ಸವಾರರು ಬರೆದ ಪೋಸ್ಟ್‌ಕಾರ್ಡುಗಳು ಆ ಮನೆಯ ಗೋಡೆಗಳನ್ನು ತುಂಬಿದವು. 2012ರಲ್ಲಿ ಆಕೆ ತೀರಿಕೊಂಡಳು.

ಒಂದೇ ಬೇಸಿಗೆಗೆಂದು ಹುಟ್ಟಿದ ಸಂಸ್ಥೆ ಮುಚ್ಚಲಿಲ್ಲ. ಮುಂದೆ ಅಡ್ವೆಂಚರ್ ಸೈಕ್ಲಿಂಗ್ ಅಸೋಸಿಯೇಷನ್ ಎಂದು ಹೆಸರು ಬದಲಿಸಿಕೊಂಡು ಮಿಸೂಲಾದಿಂದಲೇ ಕೆಲಸ ಮುಂದುವರಿಸಿತು. 1982ರಲ್ಲಿ ಆ ಹಳೆಯ ದಾರಿಯ ಪೂರ್ವ ಭಾಗಕ್ಕೆ ರಾಷ್ಟ್ರೀಯ ಸೈಕಲ್ ಮಾರ್ಗ 76 ಎಂಬ ಅಧಿಕೃತ ಸಂಖ್ಯೆ ಸಿಕ್ಕಿತು. ಸೇತುವೆ ಮುಚ್ಚಿದರೆ, ದಾರಿಯ ಕೊನೆಯ ದಿನಸಿ ಅಂಗಡಿ ಬಾಗಿಲು ಹಾಕಿದರೆ, ಸವಾರರು ಕಳಿಸುವ ಸುದ್ದಿಯ ಆಧಾರದ ಮೇಲೆ ನಕ್ಷೆಗಳನ್ನು ತಿದ್ದುವುದು ಆ ಸಂಸ್ಥೆಯ ಮುಖ್ಯ ಕೆಲಸಗಳಲ್ಲಿ ಒಂದು.